ಬಚ್ಚಲ ಕಲ್ಲಿನ ದಾನಿ

ನಮ್ಮ ಮಾವನವರಿಗೆ ಹೆಸರಿನ ಹುಚ್ಚು. ಸೊಸೆ ಹೇಳುವ ಮಾತೆಂದು ನೀವು ಇದರಲ್ಲಿ ಅರ್ಧ ಕಳೆದು ಕೇಳಿದರೂ ಅಡ್ಡಿಯಿಲ್ಲ, ಉಳಿದರ್ಧವೇ ಧಾರಾಳವಾಯಿತು. ನಮ್ಮೂರ ಮಠದಲ್ಲಿ ಆರು ಫ್ಯಾನುಗಳಿವೆ. ಅವುಗಳಲ್ಲಿ ಎರಡರ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ 'ಮಡಿವಾಳೆಪ್ಪ ಕಮಡೊಳ್ಳಿ ಇವರ ಭಕ್ತಿಸೇವೆ' ಎಂದು ಬರೆಸಿದ್ದಾರೆ. ಫ್ಯಾನು ತಿರುಗುವಾಗ ಹೆಸರು ಓದಲು ಬರುವುದಿಲ್ಲವಲ್ಲ, ಅದಕ್ಕೆ ಅಮಾವಾಸ್ಯೆಯ ಭಜನೆಗೆ ಹೋದಾಗಲೆಲ್ಲ ತಮಗೆ ಗಾಳಿ ಆಗಿಬರುವುದಿಲ್ಲವೆಂದು ಹೇಳಿ ಅವೆರಡನ್ನೂ ಬಂದ್ ಮಾಡಿಸುತ್ತಾರೆ. ಕೆಳಗೆ ಕುಳಿತವರು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡುತ್ತಾರೆ, ನೋಡಿದಾಗ ಹೆಸರು ಕಾಣುತ್ತದೆ. ಶಾಲೆಯ ನೀರಿನ ನಳ, ಬಸ್ ನಿಲ್ದಾಣದ ಕಲ್ಲುಬೆಂಚು, ಸ್ಮಶಾನದ ಗೇಟು, ಎಲ್ಲದರ ಮೇಲೂ ಅವರಿದ್ದಾರೆ. ನಮ್ಮ ಅಡುಗೆಮನೆಯ ಮಜ್ಜಿಗೆ ಸೌಟಿನ ಮೇಲೂ ಇದ್ದಾರೆ.

ನಾನು ಅಳ್ನಾವರದವಳು. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ತವರಿನಲ್ಲಿ ಹೆಸರು ಕೊರೆದ ವಸ್ತುವೆಂದರೆ ಒಂದು ಕಂದೀಲು, ಅದರ ಮೇಲಿದ್ದದ್ದು ರೈಲ್ವೆಯ ಹೆಸರು. ಹೀಗಾಗಿ ಹದಿನಾಲ್ಕು ವರ್ಷಗಳ ಹಿಂದೆ ಯರಗುಪ್ಪಿ ಕಡೆಯ ಈ ಹಳ್ಳಿಗೆ ಮದುವೆಯಾಗಿ ಬಂದಾಗ, ಗಂಗಾಳದಲ್ಲಿ ಮಾವನವರ ಹೆಸರಿನ ಮೇಲೆಯೇ ಅನ್ನ ಬಡಿಸಿಕೊಳ್ಳುವುದು ನನಗೆ ಮುಜುಗರವಾಗುತ್ತಿತ್ತು. ಈಗ ರೂಢಿಯಾಗಿದೆ. ಬಡಿಸಿಕೊಂಡರೆ ಮುಚ್ಚಿಹೋಗುತ್ತದೆ.

ಈ ಹುಚ್ಚನ್ನು ನಾನು ಆಡಿಕೊಂಡರೂ ಒಂದು ದಿನ ಅವರು ಹೇಳಿದ ಮಾತು ನನ್ನ ಬಾಯಿ ಮುಚ್ಚಿಸಿತ್ತು. ಎಪ್ಪತ್ತೆರಡು ತುಂಬಿದ ವರ್ಷ ಅದು. ಅವರ ವಾರಿಗೆಯ ಇಬ್ಬರು ಒಂದೇ ತಿಂಗಳಲ್ಲಿ ತೀರಿಕೊಂಡಿದ್ದರು. ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದವರು ನನ್ನ ಕಡೆ ನೋಡದೆ ಹೇಳಿದರು: "ಫ್ಯಾನು ಸುಡತಾವ ನಂದಾ, ನಳ ತುಕ್ಕ ಹಿಡಿತಾವ. ನಾ ಹ್ವಾದ ಮ್ಯಾಲೆ ಐದ ವರ್ಷಕ್ಕ ನನ್ನ ಹೆಸರ ಯಾರ ಬಾಯಾಗೂ ಬರಂಗಿಲ್ಲ." ನನಗೆ ಪಾಪ ಅನ್ನಿಸಿತು. ಅದಾಗಿ ನಾಲ್ಕೇ ತಿಂಗಳಿಗೆ ಬಚ್ಚಲಮನೆಯಲ್ಲಿ ಕಲ್ಲು ಸಿಕ್ಕಿತು.

ಸಿಕ್ಕಿತು ಎನ್ನುವುದೂ ತಪ್ಪೇ. ಅದು ಮಾವನವರ ಅಜ್ಜ, ಅಂದರೆ ಮುತ್ಯಾನ ಕಾಲದಿಂದ ಅಲ್ಲೇ ಇತ್ತು. ಹೊಲದ ಬದುವಿನಲ್ಲಿ ಬಿದ್ದಿದ್ದ ನಾಲ್ಕೂವರೆ ಅಡಿಯ ಚಪ್ಪಡಿಯನ್ನು ಮುತ್ಯಾ ಚಕ್ಕಡಿಯಲ್ಲಿ ಹೇರಿಸಿ ತಂದು, ನುಣುಪಾದ ಬೆನ್ನು ಮೇಲೆ ಮಾಡಿ ಬಚ್ಚಲಿಗೆ ಹಾಸಿದ್ದರಂತೆ. ನೂರು ವರ್ಷ ಇಡೀ ಮನೆತನ ಅದರ ಮೇಲೆ ಕುಳಿತು ಮೈ ತೊಳೆದುಕೊಂಡಿತು. ನಮ್ಮತ್ತೆ ಶಿವಗಂಗವ್ವನವರು ಹೆತ್ತ ಮಕ್ಕಳಿಗೆಲ್ಲ ಅದರ ಮೇಲೆಯೇ ಕುಳಿತು ಎರೆದರು. ನನ್ನ ಮಗಳು ನೇತ್ರಾ ಮೊದಲ ಸಲ ಕಿರುಚಿ ಅತ್ತದ್ದೂ ಅದರ ಮೇಲೆ, ಅತ್ತೆಯ ಕಾಲ ನಡುವೆ, ಬಿಸಿನೀರಿಗೆ. ಎರಡು ವರ್ಷಗಳ ಹಿಂದೆ ನನ್ನ ಗಂಡ ಈರೇಶ ಬಚ್ಚಲಿಗೆ ಟೈಲ್ಸ್ ಹಾಕಿಸಲು ಹೊರಟಾಗ ಕಲ್ಲನ್ನು ಎತ್ತಬೇಕಾಯಿತು.

ಕೂಲಿಗೆ ಬಂದ ನಾಲ್ವರು ಹರೆಯದ ಹುಡುಗರಿಂದ ಅದು ಅಲುಗಲಿಲ್ಲ. ಕೊನೆಗೆ ಹನಮಪ್ಪನನ್ನು ಕರೆಸಿದರು. ಹನಮಪ್ಪ ನಮ್ಮ ಹಳ್ಳದ ದಂಡೆಯ ಎರೆಹೊಲವನ್ನು ಮೂವತ್ತೈದು ವರ್ಷಗಳಿಂದ ಉಳುತ್ತ ಬಂದವನು. ಅವನಿಗಿಂತ ಮೊದಲು ಅವನಪ್ಪ ಉಳುತ್ತಿದ್ದ. ಮನೆ ಊರಾಚೆಯ ಕೇರಿಯಲ್ಲಿ. ಇಷ್ಟು ವರ್ಷಗಳಲ್ಲಿ ಅವನು ನಮ್ಮ ಪಡಸಾಲೆಯ ಅಂಚು ದಾಟಿದ್ದನ್ನು ನಾನು ಕಂಡಿರಲಿಲ್ಲ. ಬರಬೇಡ ಎಂದು ಯಾರೂ ಹೇಳಿದ್ದಿಲ್ಲ, ಬಾ ಎಂದೂ ಹೇಳಿದ್ದಿಲ್ಲ. ಅವತ್ತು ಕಲ್ಲಿನ ಭಾರ ಎಲ್ಲರ ಮಡಿಗಿಂತ ಹೆಚ್ಚಾಗಿತ್ತು, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡರು. ಅವನು ಹಾರೆ ಕೊಟ್ಟು, ಎರಡು ಸಲ ಉಸಿರು ಬಿಗಿಹಿಡಿದು, ಕಲ್ಲನ್ನು ಮಗುಚಿದ. ಕೆಳಗಿನ ಮುಖದ ರಾಡಿಯನ್ನು ತನ್ನ ಟವೆಲಿನಿಂದಲೇ ಒರೆಸಿದ. ಮೊದಲು ದನಗಳ ಸಾಲು ಕಂಡಿತು, ಆಮೇಲೆ ಕತ್ತಿ ಹಿಡಿದ ಒಬ್ಬ ಗಂಡಸು, ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುವ ಇಬ್ಬರು ಹೆಂಗಸರು, ಎಲ್ಲಕ್ಕೂ ಮೇಲೆ ಲಿಂಗ. ನಡುನಡುವೆ ಅಕ್ಷರಗಳು.

ಮಾವನವರು ಐದು ನಿಮಿಷ ನೋಡಿ ಅದು ನಮ್ಮ ಮನೆತನದ ಮೂಲಪುರುಷನೆಂದು ತೀರ್ಮಾನಿಸಿದರು. ಆಧಾರ ಕೇಳಿದರೆ ಮೂಗು ತೋರಿಸಿದರು. ಕಲ್ಲಿನವನ ಮೂಗು ಉದ್ದವಿತ್ತು, ನಮ್ಮವರದೂ ಉದ್ದ. ಊರಿನವರು ಸಾಲಾಗಿ ಬಂದು ಎರಡೂ ಮೂಗುಗಳನ್ನು ನೋಡಿ ಹೌದೆಂದು ಹೋದರು. ಚಹಾ ಮಾಡಿ ಮಾಡಿ ನನ್ನ ಕೈ ಬಿದ್ದುಹೋಯಿತು.

ಸುದ್ದಿ ಧಾರವಾಡಕ್ಕೆ ಮುಟ್ಟಿತು. ಅಲ್ಲಿ ಹೆದ್ದಾರಿಯ ಬಾಜು ರಾಷ್ಟ್ರೀಯ ಇತಿಹಾಸದ ಹೊಸ ವಸ್ತುಸಂಗ್ರಹಾಲಯವೊಂದು ಏಳುತ್ತಿತ್ತು. ಅಲ್ಲಿಂದ ರೋಹಿಣಿ ಎಂಬ ಅಧಿಕಾರಿ ಬಂದು ಕಲ್ಲನ್ನು ಅಳೆದು, ಫೋಟೊ ತೆಗೆದು, ಕೊಡುತ್ತೀರಾ ಎಂದು ಕೇಳಿದರು. ಮಾವನವರ ಷರತ್ತು ಒಂದೇ. ಕಲ್ಲಿನ ಪಕ್ಕದಲ್ಲಿ ಬೋರ್ಡು, ಬೋರ್ಡಿನಲ್ಲಿ ಹೆಸರು. ಆಕೆ ನಕ್ಕು ಒಪ್ಪಿದರು. ಕಲ್ಲು ಟೆಂಪೊ ಹತ್ತಿ ಹೋದ ದಿನ ಮಾವನವರು ಮಗಳನ್ನು ಗಂಡನ ಮನೆಗೆ ಕಳಿಸಿದವರಂತೆ ಕಣ್ಣು ಒರೆಸಿಕೊಂಡರು.

ಆರು ತಿಂಗಳ ನಂತರ ರೋಹಿಣಿ ಮೇಡಂ ಫೋನು ಮಾಡಿದರು. ಅಕ್ಷರಗಳನ್ನು ಓದಿ ಆಗಿದೆ, ಅದರಲ್ಲಿ ಒಂದು ಹೊಲದ ಉಲ್ಲೇಖವಿದೆ, ನಾಲ್ಕು ದಿಕ್ಕಿನ ಗಡಿಯನ್ನೂ ಹೇಳಿದೆ, ಆ ಜಾಗ ನಿಮಗೆ ಗೊತ್ತೇ ಎಂದು ಕೇಳಿ ಗಡಿಗಳನ್ನು ಒಂದೊಂದಾಗಿ ಓದಿದರು. ಮಾವನವರು ಎದ್ದು ನಿಂತುಬಿಟ್ಟರು. ಅದು ನಮ್ಮ ಹಳ್ಳದ ದಂಡೆಯ ಹೊಲವೇ ಆಗಿತ್ತು. ಬೋರ್ಡಿನಲ್ಲಿ ಬರೀ ದಾನಿ ಅಂತ ಹಾಕಿದರೆ ಸಾಲದು, 'ಶಾಸನದಲ್ಲಿ ಹೇಳಿದ ಹೊಲದ ವಂಶಪಾರಂಪರ್ಯ ಮಾಲೀಕರು' ಎಂದೂ ಸೇರಿಸಬೇಕೆಂದು ಅಲ್ಲೇ ಅಪ್ಪಣೆ ಕೊಟ್ಟರು. ಮೇಡಂ, ಸರ್ ಇನ್ನೂ ಸ್ವಲ್ಪ ವಿಷಯ ಇದೆ, ನೀವು ಪೂರ್ತಿ ಕೇಳಿದರೆ ಒಳ್ಳೆಯದು ಎಂದರಂತೆ. ಉಳಿದದ್ದು ನೀವೇ ಬರೆದುಕೊಳ್ಳಿ ಎಂದು ಹೇಳಿ ಇವರು ಫೋನಿಟ್ಟರು. ಕುಂದಗೋಳ, ಅಣ್ಣಿಗೇರಿ, ನವಲಗುಂದದ ಬೀಗರಿಗೆಲ್ಲ ಸುದ್ದಿ ಮುಟ್ಟಿಸುವ ಅವಸರ ಅವರಿಗೆ.

ಆಮೇಲೆ ಕಚೇರಿಯಿಂದ ಎರಡು ಪುಟದ ಪತ್ರವೂ ಬಂತು. ಮೊದಲ ಪುಟದ ಮೇಲ್ಭಾಗದಲ್ಲೇ ಅವರ ಹೆಸರು, ಹಿಂದೆ ಶ್ರೀ, ಮುಂದೆ ಅವರು. ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಎರಡನೆಯ ಪುಟ ಕಟ್ಟಿನ ಒಳಗೆ, ಮೊದಲನೆಯದರ ಹಿಂದೆ ಸೇರಿಕೊಂಡಿತು. ಅದನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ. ಬಿ.ಎ. ಪಾಸಾದವಳು ನಾನು, ಓದಬಹುದಿತ್ತು.

ಕಾರ್ತಿಕದ ಒಂದು ಭಾನುವಾರ ಎಲ್ಲರೂ ವಸ್ತುಸಂಗ್ರಹಾಲಯಕ್ಕೆ ಹೊರಟೆವು. ಬಾಡಿಗೆಗೆ ಕ್ರೂಸರ್ ಗಾಡಿ ಹಿಡಿದಿದ್ದೆವು. ಮುಂದೆ ರುಮಾಲು ಸುತ್ತಿದ ಮಾವನವರು, ನಡುವೆ ಅತ್ತೆ, ನಾನು, ನೇತ್ರಾ, ಫೋನಿನ ಜೊತೆ ಈರೇಶ. ಹಿಂದಿನ ಸೀಟಿನಲ್ಲಿ ಹನಮಪ್ಪ, ಅವನ ತೊಡೆಯ ಮೇಲೆ ರೊಟ್ಟಿಯ ಬುಟ್ಟಿ. ಅವನನ್ನು ಕರೆದದ್ದು ಬುಟ್ಟಿ ಹೊರಲಿಕ್ಕೂ ಹೌದು, ಸಾಕ್ಷಿಗೂ ಹೌದು. ಕಲ್ಲು ಮಗುಚಿದವನು ಅವನೇ ತಾನೇ, ಸಾಹೇಬರು ಏನಾದರೂ ಕೇಳಿದರೆ ಹೇಳಲಿ ಎಂದು ಮಾವನವರ ಲೆಕ್ಕಾಚಾರ. ಹನಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಒಳಗೆ ಹೋಗುವಾಗಲೇ ಕಾವಲಿನವರು ಮಾವನವರ ಸುಣ್ಣದ ಡಬ್ಬಿ, ತಂಬಾಕು ಕಸಿದುಕೊಂಡು ಚೀಟಿ ಕೊಟ್ಟರು. ಮಾವನವರು ಚೀಟಿಯ ಮೇಲೆ ತಮ್ಮ ಹೆಸರು ಬರೆಯಿರಿ ಎಂದರು, ಬರೆಸಿಕೊಂಡೇ ಬಿಟ್ಟರು. ಮೊದಲ ಕೋಣೆಯಲ್ಲಿ ಗಾಜಿನೊಳಗೆ ಒಂದು ಕೂರಿಗೆ ಇಟ್ಟು 'ಪ್ರಾಚೀನ ಬಿತ್ತನೆಯ ಸಾಧನ' ಎಂದು ಬರೆದಿದ್ದರು. ಅಂಥದೇ ಕೂರಿಗೆಯಲ್ಲಿ ಹನಮಪ್ಪ ಹೋದ ತಿಂಗಳಷ್ಟೇ ಕಡಲೆ ಬಿತ್ತಿದ್ದ. ಅವನು ಗಾಜಿಗೆ ಮುಖ ಹಚ್ಚಿ ನೋಡಿ, ಇದರ ಬೀಜದ ಬಟ್ಟಲು ಹಿಂದುಮುಂದಾಗಿದೆ ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದ. ಹೇಳಿದ್ದನ್ನು ಬರೆದುಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ಅತ್ತೆ ಮಣ್ಣಿನ ಗಡಿಗೆಗಳ ಮುಂದೆ ನಿಂತು, ಇಷ್ಟು ಒಳ್ಳೆಯ ಗಡಿಗೆಯನ್ನು ಒಲೆಗೆ ಏರಿಸದೆ ಇಟ್ಟಿದ್ದಾರಲ್ಲ ಎಂದು ಮರುಗಿದರು.

ಶಿಲೆಗಳ ಕೋಣೆ ದೊಡ್ಡದಿತ್ತು, ತಂಪಾಗಿತ್ತು. ನಮ್ಮ ಬಚ್ಚಲ ಕಲ್ಲನ್ನು ಕಪ್ಪು ಪೀಠದ ಮೇಲೆ ನಿಲ್ಲಿಸಿ, ಮೇಲಿನಿಂದ ಹಳದಿ ಬೆಳಕು ಬಿಟ್ಟಿದ್ದರು. ನನಗೆ ಗುರುತೇ ಸಿಗಲಿಲ್ಲ. ಸಾಬೂನು, ಕಡಲೆಹಿಟ್ಟು, ಕೊಬ್ಬರಿಎಣ್ಣೆ ಎಲ್ಲ ತೊಳೆದುಹೋಗಿ ಅದು ನಿಜವಾಗಿ ಇತಿಹಾಸವಾಗಿತ್ತು. ಪಕ್ಕದಲ್ಲಿ ಆಳೆತ್ತರದ ಬೋರ್ಡು. ಮಾವನವರು ಓದಲಿಲ್ಲ, ತಮ್ಮ ಹೆಸರು ಎಲ್ಲಿದೆ ಎಂದಷ್ಟೇ ಹುಡುಕಿದರು. ತಳದಲ್ಲಿತ್ತು, ದಪ್ಪ ಅಕ್ಷರಗಳಲ್ಲಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಅವರ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲಿ ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಈರೇಶನಿಗೆ ಲೈವ್ ಶುರು ಮಾಡಲು ಹೇಳಿದರು. ಫೇಸ್‌ಬುಕ್ಕಿನಲ್ಲಿ ಊರಿನವರು, ಬೀಗರು, ಮಠದ ಸಮಿತಿಯವರು ಎಲ್ಲ ಹನ್ನೊಂದು ಗಂಟೆಗೆ ಕಾದು ಕುಳಿತಿರಬೇಕೆಂದು ಹಿಂದಿನ ದಿನವೇ ಸೂಚನೆ ಹೋಗಿತ್ತು. ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳೂ ಅವರ ಮಾಸ್ತರೂ ಕೋಣೆಗೆ ಬಂದರು. ಮಾವನವರು ಅವರನ್ನೂ ಹತ್ತಿರ ಕರೆದರು. ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದುವ ಕೆಲಸ ನೇತ್ರಾಳಿಗೆ. ಅವಳು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದವಳು. ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

"ವೀರಗಲ್ಲು, ಹನ್ನೆರಡನೆಯ ಶತಮಾನ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಊರಾಚೆಯ ಕೇರಿಯ ಮಾರ ಎಂಬುವನು ಒಬ್ಬನೇ ಬೆನ್ನಟ್ಟಿ ಕಾದಾಡಿ, ದನಗಳನ್ನು ಮರಳಿಸಿ, ಮಡಿದನು."

ಕೇರಿಯ ಮಾರ ಎಂದಾಗ ಮಾವನವರು ಮೂಗು ಮುಟ್ಟಿಕೊಂಡರು. ಆದರೂ ಮೊಮ್ಮಗಳಿಗೆ ಮುಂದುವರಿಸು ಎಂದು ಕೈಸನ್ನೆ ಮಾಡಿದರು. ಮುಂದೆ ಹೊಲದ ಮಾತು ಬರುತ್ತದೆಂದು ಅವರಿಗೆ ಗೊತ್ತಿತ್ತು. ಬಂತು. ಮಡಿದವನ ಹೆಂಡಿರು ಮಕ್ಕಳಿಗೆ, ಅವರ ಮಕ್ಕಳ ಮಕ್ಕಳಿಗೆ, ಸೂರ್ಯಚಂದ್ರರು ಇರುವವರೆಗೆ ಉಂಡುಕೊಂಡಿರಲೆಂದು ಊರೊಡೆಯನು ನೆತ್ತರುಗೊಡಗೆಯಾಗಿ, ಅಂದರೆ ಚೆಲ್ಲಿದ ರಕ್ತಕ್ಕೆ ಉಂಬಳಿಯಾಗಿ, ಹನ್ನೆರಡು ಮತ್ತರು ಎರೆಭೂಮಿಯನ್ನು ಬಿಟ್ಟನು. ಆ ಭೂಮಿಗೆ ಮೂಡಲು ಉಪ್ಪುಹಳ್ಳ, ತೆಂಕಲು ಜೋಡಿ ಬನ್ನಿಮರ, ಪಡುವಲು ಊರಿಂದೂರಿಗೆ ಹೋಗುವ ಹಿರಿಯ ದಾರಿ, ಬಡಗಲು ಕರಿಯ ಗುಂಡು. ನೇತ್ರಾ ಉಸಿರೆಳೆದುಕೊಂಡು ಕೊನೆಯ ಸಾಲುಗಳನ್ನು ಸ್ಪರ್ಧೆಯಲ್ಲಿ ಹೇಳುವಂತೆ ಏರುದನಿಯಲ್ಲಿ ಓದಿದಳು.

"ಈ ಭೂಮಿಯನ್ನು ಇವರಿಂದ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನು. ಶಾಸನದಲ್ಲಿ ಹೇಳಿದ ಹೊಲದ ವಂಶಪಾರಂಪರ್ಯ ಮಾಲೀಕರು ಹಾಗೂ ಈ ಕಲ್ಲಿನ ದಾನಿ, ಶ್ರೀ ಮಡಿವಾಳೆಪ್ಪ ಕಮಡೊಳ್ಳಿ ಅವರು."

ಶಾಲೆಯ ಮಕ್ಕಳು ನಕ್ಕವು. ಮಾಸ್ತರು ಅವುಗಳನ್ನು ಗದರಿಸಿ, ತಾವು ಗೋಡೆಯ ಕಡೆ ತಿರುಗಿ ನಕ್ಕರು. ಈರೇಶ ಫೋನು ಕೆಳಗೆ ಮಾಡಿದ, ಆದರೆ ಬಂದ್ ಮಾಡುವುದನ್ನು ಮರೆತ. ಊರಿನ ಜನ ಮುಂದಿನ ಹತ್ತು ನಿಮಿಷ ನಮ್ಮ ಚಪ್ಪಲಿಗಳನ್ನು ನೋಡುತ್ತ ಎಲ್ಲ ಮಾತನ್ನೂ ಕೇಳಿಸಿಕೊಂಡರೆಂದು ಆಮೇಲೆ ಗೊತ್ತಾಯಿತು.

ಮೊದಲು ಕುಸಿದದ್ದು ಅತ್ತೆ. ಅವರು ಪೀಠದ ಮುಂದೆ ಕುಳಿತು ಕಲ್ಲಿಗೆ ಹಣೆ ಹಚ್ಚಿದರು. ಸೆರಗಿನ ಗಂಟಿನಲ್ಲಿ ವಿಭೂತಿ ಇತ್ತು, ಅದನ್ನೂ ಬಳಿದರು. ಕಾವಲಿನವನು ಮುಟ್ಟಬೇಡಿ ಎಂದು ಓಡಿಬಂದ. ಐವತ್ತು ವರ್ಷ ಇದರ ಮೇಲೆ ಕುಳಿತು ಜಳಕ ಮಾಡಿದ್ದೇನೆ, ಈಗ ಮುಟ್ಟಬೇಡ ಅನ್ನುತ್ತೀಯಾ ಎಂದು ಅವನನ್ನೇ ಬೈದರು. ಆಮೇಲೆ ಗಂಡನ ಕಡೆ ತಿರುಗಿದರು. ಶಾಪದ ಕೆಳಗೆ ಹೆಸರು ಬರೆಸಿಕೊಂಡ ಗಂಡಸನ್ನು ತಾನು ಎಲ್ಲೂ ಕಂಡಿಲ್ಲ, ಈ ಕ್ಷಣ ಅದನ್ನು ತೆಗೆಸದಿದ್ದರೆ ತಾನು ಇಲ್ಲಿಂದ ಏಳುವುದಿಲ್ಲ ಎಂದರು. ಅತ್ತೆ ಜೀವಮಾನದಲ್ಲಿ ಗಂಡನಿಗೆ ಕೊಟ್ಟ ಮೊದಲ ಆಜ್ಞೆ ಅದೇ ಇರಬೇಕು.

ಗದ್ದಲ ಕೇಳಿ ರೋಹಿಣಿ ಮೇಡಂ ಬಂದರು. ಅವರಿಗೂ ಸಂಕಟವಾಗಿತ್ತು. ಫೋನಿನಲ್ಲಿ ಹೇಳಲು ಹೋದೆ, ಪತ್ರದ ಎರಡನೆಯ ಪುಟದಲ್ಲೂ ಬರೆದಿದ್ದೆ, ನಿಮ್ಮ ಒಪ್ಪಿಗೆಯಿದೆ ಎಂದುಕೊಂಡೆವು ಎಂದು ಮೆತ್ತಗೆ ಹೇಳಿದರು. ಈಗಲೂ ಬೋರ್ಡು ಬದಲಿಸಬಹುದು, ಒಂದು ಅರ್ಜಿ ಬರೆದುಕೊಟ್ಟರೆ ಸಾಕು, ಏನು ಬರೆಯಬೇಕು ಹೇಳಿ ಎಂದರು.

ಮಾವನವರ ಮುಖ ನೋಡಿದರೆ ಬೂದಿ ಬಳಿದಂತಿತ್ತು. ಆದರೆ ಅವರು ಮೂರು ಸಲ ಪಂಚಾಯತಿ ಗೆದ್ದ ಗಟ್ಟಿ ಪಿಂಡ, ಅಷ್ಟಕ್ಕೆ ಸೋಲುವವರಲ್ಲ. ಅರ್ಧ ನಿಮಿಷದಲ್ಲಿ ಬಣ್ಣ ಮರಳಿತು, ರುಮಾಲು ಸರಿಯಾಯಿತು. ಶಾಲೆಯ ಮಕ್ಕಳ ಕಡೆ ಒಮ್ಮೆ ನೋಡಿ, ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಹನಮಪ್ಪನ ಹೆಗಲ ಮೇಲೆ ಕೈಯಿಟ್ಟರು. ಹದಿನಾಲ್ಕು ವರ್ಷಗಳಲ್ಲಿ ಅವನನ್ನು ಅವರು ಮುಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ.

ತಮಗೆ ಹೆಸರಿನ ಆಸೆ ಎಂದೂ ಇರಲಿಲ್ಲ ಎಂದು ಶುರು ಮಾಡಿದರು. ನಾನು ಕೆಮ್ಮಿದೆ. ಈ ಕಲ್ಲನ್ನು ನೆಲದಿಂದ ಎತ್ತಿದವನು ಹನಮಪ್ಪ, ರಾಡಿ ಒರೆಸಿ ಮೊದಲು ದರ್ಶನ ಮಾಡಿದವನೂ ಅವನೇ, ಆದ್ದರಿಂದ ಕಲ್ಲಿನ ಕೊಡುಗೆಯ ಗೌರವ ನ್ಯಾಯವಾಗಿ ಅವನಿಗೇ ಸಲ್ಲಬೇಕು, ತಮ್ಮ ಹೆಸರು ಅಳಿಸಿ ಆ ಜಾಗದಲ್ಲಿ ಅವನ ಹೆಸರು ಹಾಕಿಬಿಡಿ ಎಂದರು. ಈರೇಶ ಕೆಳಗೆ ಹಿಡಿದಿದ್ದ ಫೋನಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಮಾಸ್ತರಿಗೆ ಮನಸ್ಸು ಕರಗಿತು. ನೋಡಿ ಮಕ್ಕಳೇ, ದೊಡ್ಡತನ ಅಂದರೆ ಇದು ಎಂದು ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದವು. ಅತ್ತೆ ಎದ್ದು ನಿಂತರು. ರೋಹಿಣಿ ಮೇಡಂ ಸಹ ಸಮಾಧಾನದ ಉಸಿರು ಬಿಟ್ಟು ಅರ್ಜಿಯ ಕಾಗದ ತರಿಸಿದರು. ನನ್ನ ಗಂಡ ಅದನ್ನು ಪೀಠದ ಅಂಚಿನ ಮೇಲಿಟ್ಟು ಬರೆದ. ಶಾಸನದ ಫಲಕದಲ್ಲಿ ಇನ್ನು ಮುಂದೆ ಶ್ರೀ ಹನಮಪ್ಪ ಎಂಬ ಹೆಸರು ಇರತಕ್ಕದ್ದು. ಮಾಲೀಕರು ಎಂಬ ಪದವನ್ನು ಬಿಡತಕ್ಕದ್ದು ಎಂದು ಮಾವನವರು ಬಾಗಿ ಹೇಳಿ ಸೇರಿಸಿದರು. ಅದನ್ನು ಮಾತ್ರ ಗಟ್ಟಿಯಾಗಿ ಹೇಳಲಿಲ್ಲ.

ಕಾಗದವನ್ನು ಹನಮಪ್ಪನ ಮುಂದೆ ಹಿಡಿದರು. ಅವನು ಬುಟ್ಟಿಯನ್ನು ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು, ಪೆನ್ನು ತೆಗೆದುಕೊಂಡ. ಸಹಿ ಮಾಡಲು ಅವನಿಗೆ ಬರುತ್ತದೆ. ಮಗಳು ಮಹಾಲಕ್ಷ್ಮಿ ಶಾಲೆಗೆ ಹೋಗುವಾಗ ಪಾಟಿಯ ಮೇಲೆ ಕಲಿಸಿದ್ದಳು. ಆದರೆ ಅವನು ಸಹಿ ಮಾಡಲಿಲ್ಲ. ಬೋರ್ಡಿನ ಕಡೆ ನೋಡಿದ, ಕಲ್ಲಿನ ಮೇಲೆ ಕತ್ತಿ ಹಿಡಿದು ನಿಂತವನ ಕಡೆ ನೋಡಿದ, ಆಮೇಲೆ ಮಾವನವರನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಬಿತ್ತನೆಯ ದಿನ ಯಾವುದು ಎಂದು ಕೇಳುವಾಗ ಹೇಗಿರುತ್ತದೋ ಹಾಗೇ ಇತ್ತು.

"ಧಣ್ಯಾರ, ಹೊಲಾ ನಿಮ್ಮ ಹೆಸರಿಲೆ ಇರ್ಲಿ, ಶಾಪ ನನ್ನ ಹೆಸರಿಲೆ ಇರ್ಲಿ ಅಂತೀರೇನ್ರಿ?"

ಚಪ್ಪಾಳೆ ತಟ್ಟಿದ್ದ ಮಾಸ್ತರು ಮಕ್ಕಳನ್ನು ಸಾಲು ಮಾಡಿಸಿ ಮೆಲ್ಲಗೆ ಮುಂದಿನ ಕೋಣೆಗೆ ಸಾಗಿಸಿದರು. ಹನಮಪ್ಪ ಪೆನ್ನಿನ ಮುಚ್ಚಳ ಹಾಕಿ ಈರೇಶನ ಕೈಗೆ ಕೊಟ್ಟು, ಮತ್ತೆ ಬುಟ್ಟಿ ಎತ್ತಿಕೊಂಡ. ನನಗೆ ಆ ಕ್ಷಣ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಬೆಳಗಿನಿಂದ ಮಾವನವರನ್ನು ನೋಡಿ ಒಳಗೊಳಗೇ ನಗುತ್ತ ಬಂದವಳು ನಾನು. ಹದಿನಾಲ್ಕು ವರ್ಷ ಆ ಹೊಲದ ಜೋಳವನ್ನೇ ತಿಂದು, ಆ ಹೊಲದ ಹತ್ತಿ ಮಾರಿ ಬಂದದ್ದರಲ್ಲೇ ಕಿವಿಗೆ ಬೆಂಡೋಲೆ ಮಾಡಿಸಿಕೊಂಡು, ನಗುವುದೆಂದರೆ ಬಹಳ ಸುಲಭದ ಕೆಲಸವಾಗಿತ್ತು.

ರೋಹಿಣಿ ಮೇಡಂ ಒಳ್ಳೆಯವರು, ಎಲ್ಲರ ಮಾನ ಉಳಿಸುವ ದಾರಿಯೊಂದನ್ನು ತೋರಿಸಿದರು. ಯಾರ ಹೆಸರೂ ಬೇಡ. ಕೊನೆಯ ಸಾಲನ್ನು ಪೂರಾ ತೆಗೆದು, 'ಒಬ್ಬ ರೈತರ ಕೊಡುಗೆ' ಎಂದು ಬರೆದುಬಿಡೋಣ. ಶಾಪವೂ ಯಾರ ತಲೆಗೂ ಅಂಟುವುದಿಲ್ಲ. ಇವತ್ತು ಸಂಜೆಯ ಹೊತ್ತಿಗೇ ಆಗುತ್ತದೆ ಎಂದರು. ಅತ್ತೆ ಆಗಲಿ ಆಗಲಿ ಎಂದು ಕೈ ಮುಗಿದರು. ಈರೇಶ ಹೊಸ ಕಾಗದ ತೆಗೆದುಕೊಂಡ. ಮಾವನವರು ಹ್ಞೂಂ ಎಂದರೆ ಎಲ್ಲ ಮುಗಿಯುತ್ತಿತ್ತು.

ಅವರು ಹ್ಞೂಂ ಎನ್ನಲಿಲ್ಲ. ಬೋರ್ಡಿನ ಹತ್ತಿರ ಹೋಗಿ, ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಮೊದಲು ಕನ್ನಡದ್ದರ ಮೇಲೆ, ಆಮೇಲೆ ಓದಲು ಬಾರದ ಉಳಿದೆರಡರ ಮೇಲೂ. ಅಕ್ಷರಗಳು ಸ್ವಲ್ಪ ಉಬ್ಬಿಕೊಂಡಿದ್ದವು, ಬೆರಳಿಗೆ ಸಿಗುತ್ತಿದ್ದವು. ನಾನು ಅವರ ತುಟಿ ನೋಡುತ್ತಿದ್ದೆ, ಅದು ಏನನ್ನೋ ಎಣಿಸುವಂತೆ ಅಲುಗಾಡುತ್ತಿತ್ತು. ಒಂದು ಕಡೆ ಅರವತ್ತು ಸಾವಿರ ವರ್ಷ ಹುಳು. ಇನ್ನೊಂದು ಕಡೆ, ಯಾರೋ ಒಬ್ಬ ರೈತ. ಎರಡನ್ನೂ ಅವರು ತೂಗಿ ನೋಡುತ್ತಿದ್ದರು. ಅತ್ತೆ ಹಿಂದಿನಿಂದ ಅವರ ಅಂಗಿ ಜಗ್ಗಿದರು.

"ಇರ್ಲಿ ಬಿಡ್ರಿ ಬಾಯಾರ," ಎಂದರು ಕೊನೆಗೆ. "ಹೆಸರ ತೆಗೀಬ್ಯಾಡ್ರಿ."

ರೋಹಿಣಿ ಮೇಡಂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅತ್ತೆ ಮುಖ ತಿರುಗಿಸಿ ಹೊರಗೆ ನಡೆದರು. ನೇತ್ರಾ ನನ್ನನ್ನು, ಅಜ್ಜ ನಿಜವಾಗಲೂ ಹುಳ ಆಗುತ್ತಾನಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅಜ್ಜನಿಗೆ ಕೇಳಿಸಿತು, ಆದರೆ ಬೈಯಲಿಲ್ಲ.

ಹುಲ್ಲುಹಾಸಿನ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಎಲ್ಲ ಇತ್ತು, ಹಸಿವು ಮಾತ್ರ ಇರಲಿಲ್ಲ. ಹನಮಪ್ಪ ಎಂದಿನಂತೆ ತನ್ನ ಪಾಲು ತೆಗೆದುಕೊಂಡು ಸ್ವಲ್ಪ ದೂರ ಹೋಗಿ ಕುಳಿತ. ಉಂಡು ಮುಗಿಸಿ, ನೇತ್ರಾಳನ್ನು ಕರೆದು, ಬೋರ್ಡಿನಲ್ಲಿದ್ದ ಗಡಿಗಳನ್ನು ಮತ್ತೊಮ್ಮೆ ಹೇಳು ತಾಯಿ ಎಂದು ಕೇಳಿದ. ಅವಳಿಗೆ ಬಾಯಿಪಾಠವಾಗಿತ್ತು. ಹಳ್ಳ, ಬನ್ನಿಮರ, ದಾರಿ, ಕರಿಯ ಗುಂಡು. ಒಂದೊಂದಕ್ಕೂ ಅವನು ತಲೆದೂಗಿದ. ಬನ್ನಿಮರ ಈಗ ಒಂದೇ ಇದೆ, ಇನ್ನೊಂದು ತನ್ನ ಅಪ್ಪ ಇದ್ದಾಗ ಬಿದ್ದಿತು, ಉಳಿದದ್ದೆಲ್ಲ ಸರಿಯಾಗಿದೆ ಎಂದು ಅವಳಿಗೆ ತಿಳಿಸಿದ.

ಆಮೇಲೆ ಕ್ರೂಸರ್ ಹತ್ತಿ ಊರ ಕಡೆ ಹೊರಟೆವು. ಹುಬ್ಬಳ್ಳಿ ದಾಟಿ ಕುಂದಗೋಳದ ರಸ್ತೆಗೆ ತಿರುಗಿದ ಮೇಲೆ ಎರೆಹೊಲಗಳು ಶುರುವಾದವು, ಎರಡೂ ಕಡೆ ಗೇಣುದ್ದದ ಕಡಲೆ. ಅವನ್ನು ನೋಡುತ್ತ ಮಾವನವರಿಗೆ ಜೀವ ಬಂದಂತಾಯಿತು. ಸೀಟಿನಲ್ಲಿ ನೆಟ್ಟಗೆ ಕುಳಿತರು. ಎಂದಿನ ಗತ್ತಿನಲ್ಲಿ, ಹಿಂದೆ ತಿರುಗದೆ, ಮೂವತ್ತೈದು ವರ್ಷ ಪ್ರತಿ ಸಂಜೆ ಹೇಳುತ್ತ ಬಂದ ಹಾಗೆ ಹೇಳಿದರು.

"ಹನಮಪ್ಪಾ, ನಾಳಿಗೆ ಲಗೂನ ಎದ್ದು ಹೊಲಕ್ಕ ಹೋಗಿ ಎಡಿ ಹೊಡದ ಬಿಡಲೇ."

ಹಿಂದಿನ ಸೀಟಿನಿಂದ ತಕ್ಷಣ ಉತ್ತರ ಬರಲಿಲ್ಲ. ಹೌದ್ರಿ ಎಂಬ ಮಾತು ಅಲ್ಲಿಂದ ಯಾವಾಗಲೂ ಇವರ ಮಾತು ಮುಗಿಯುವ ಮೊದಲೇ ಬರುತ್ತಿತ್ತು.

"ಯಾರ ಹೊಲಕ್ಕರಿ?" ಎಂದ ಹನಮಪ್ಪ.

ಮಾವನವರು ಬಾಯಿ ತೆರೆದರು. ಅಲ್ಲಿ ಬರಬೇಕಾದ ಮಾತು ಒಂದೇ, ಎರಡಕ್ಷರದ 'ನನ್ನ', ಫ್ಯಾನಿನಿಂದ ಸೌಟಿನವರೆಗೆ ಕಂಡದ್ದಕ್ಕೆಲ್ಲ ಅವರು ಅಂಟಿಸುತ್ತ ಬಂದದ್ದು. ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿದ. ನಾನು ಕಾದೆ, ಅತ್ತೆ ಕಾದರು. ಮಾವನವರು ತೆರೆದ ಬಾಯಿಯನ್ನು ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದರು. ಊರು ಬರುವವರೆಗೂ ಆ ಮಾತು ಅವರ ಬಾಯಿಂದ ಬರಲಿಲ್ಲ.